ಹೊಸ ಗಾಡಿಯನ್ನು ಪಳಗಿಸಿದ್ದು

ಹೊಸ ಚಪ್ಪಲಿ ಕಚ್ಚುತ್ತದೆ, ಹೊಸ ಮಡಕೆ ಜಿನುಗುತ್ತದೆ, ಹೊಸ ಅಳಿಯ ಮುನಿಯುತ್ತಾನೆ. ಇವೆಲ್ಲ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿಗಳು. ಆದ್ದರಿಂದಲೇ ಅವರು ಚಪ್ಪಲಿಗೆ ಹರಳೆಣ್ಣೆ, ಮಡಕೆಗೆ ಗಂಜಿ, ಅಳಿಯನಿಗೆ ಒಬ್ಬಟ್ಟು ಎಂದು ಒಂದೊಂದಕ್ಕೂ ಒಂದೊಂದು ಉಪಚಾರವನ್ನು ಕಂಡುಹಿಡಿದು ಇಟ್ಟಿದ್ದರು. ಹೊಸ ಮೋಟಾರ್ ಸೈಕಲ್ಲಿಗೂ ಅಂಥದೊಂದು ಉಪಚಾರ ಬೇಕೆಂಬುದು ಮಾತ್ರ ಹೋದ ಆಯುಧಪೂಜೆಯವರೆಗೂ ನನಗೆ ತಿಳಿದಿರಲಿಲ್ಲ. ದುಡ್ಡು ಕೊಟ್ಟು ಕೊಂಡ ಮೇಲೆ ಅದು ನನ್ನದು. ಕಿವಿ ಹಿಂಡಿದರೆ ಓಡಬೇಕು, ಬ್ರೇಕು ಒತ್ತಿದರೆ ನಿಲ್ಲಬೇಕು, ಇಷ್ಟೇ ಎಂದುಕೊಂಡಿದ್ದೆ. ಈ ತಪ್ಪುಕಲ್ಪನೆಯ ಗುರುತು ಈಗಲೂ ನನ್ನ ಎಡ ಮೊಣಕಾಲಿನ ಮೇಲಿದೆ.

ನನ್ನ ಊರು ಗುಬ್ಬಿ ತಾಲ್ಲೂಕಿನ ಕಡಬ ಹೋಬಳಿಯಲ್ಲಿದೆ. ಅಲ್ಲಿಂದ ಗುಬ್ಬಿಯ ಮೇಲೆ ಹಾದು ತುಮಕೂರಿನ ನಮ್ಮ ಕಾಲೇಜಿಗೆ ಸರಿಯಾಗಿ 32 ಕಿಲೋಮೀಟರು. ಬೆಳಿಗ್ಗೆ ಒಂದು ಬಸ್ಸಿದೆ. ‘ಇದೆ’ ಎಂದರೆ ಇದೆ ಎಂದು ಅರ್ಥವಲ್ಲ. ಬಂದ ದಿನ ಇದೆ. ನಮ್ಮದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಆಕಾಶದಲ್ಲಿ ಹಾರುವ ಯಂತ್ರವನ್ನು ತಯಾರಿಸುವ ತಾಲ್ಲೂಕಿನವನಾದ ನಾನು, ನೆಲದ ಮೇಲೆ ಮೊದಲನೆಯ ಪೀರಿಯಡ್ಡಿಗೆ ಬಂದು ತಲುಪಲಾರದೆ, ಇತಿಹಾಸದ ಅಧ್ಯಾಪಕರ ಹಾಜರಿ ಪುಸ್ತಕದಲ್ಲಿ ಒಂದು ಸಾಲು ಸೊನ್ನೆಗಳಾಗಿ ಉಳಿದುಹೋಗಿದ್ದೆ. ಹೋದ ಸೆಮಿಸ್ಟರಿನಲ್ಲಿ ನೋಟೀಸು ಬೋರ್ಡಿನಲ್ಲಿ ‘ಹಾಜರಿ ಕೊರತೆಯವರು’ ಎಂಬ ಪಟ್ಟಿ ಬಿದ್ದಾಗ ಅದರಲ್ಲಿ ನನ್ನ ಹೆಸರು ನಾಲ್ಕನೆಯದು. ಪರೀಕ್ಷೆಗೆ ಕೂರಲು ಬಿಡುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿ ಒಂದು ವಾರ ನನಗೂ ನಿದ್ರೆಯಿಲ್ಲ, ಅವ್ವನಿಗೂ ನಿದ್ರೆಯಿಲ್ಲ. ಅಪ್ಪ ಮಾತ್ರ ಏನೂ ಹೇಳಲಿಲ್ಲ. ಅವನು ಏನಾದರೂ ತೀರ್ಮಾನ ಮಾಡುವಾಗ ಹಾಗೆಯೇ.

ನಮ್ಮ ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದವು. ಅವಕ್ಕೆ ರಾಮ, ಬಸವ ಎಂದೇನೂ ಹೆಸರಿರಲಿಲ್ಲ. ಒಂದು ದೊಡ್ಡೋನು, ಇನ್ನೊಂದು ಚಿಕ್ಕೋನು. ಇಬ್ಬರಿಗೂ ಮೂಗುದಾರ ಹಾಕಿಸಿದವನೂ, ಮೊದಲ ಸಲ ನೊಗ ಹೊರಿಸಿದವನೂ ಅಪ್ಪನೇ. ಆದರೆ ಈಚೆಗೆ ನಮ್ಮ ತೋಟಕ್ಕೂ ಹೊಲಕ್ಕೂ ಬಾಡಿಗೆ ಟ್ರ್ಯಾಕ್ಟರು ಬರುತ್ತಿತ್ತು. ಎತ್ತುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ, ಮೇವಿನ ಬೆಲೆಯನ್ನು ಏರಿಸುತ್ತ ನಿಂತಿದ್ದವು. ಅವನ್ನು ಸಿದ್ಧಗಂಗೆಯ ದನಗಳ ಜಾತ್ರೆಗೆ ಹೊಡೆದುಕೊಂಡು ಹೋಗಿ ಕುಣಿಗಲ್ ಕಡೆಯ ಒಬ್ಬ ರೈತರಿಗೆ ಕೊಟ್ಟು ಬಂದದ್ದು ಶಿವರಾತ್ರಿಯ ಹೊತ್ತಿನಲ್ಲಿ. ಆ ದುಡ್ಡು ಏಳು ತಿಂಗಳು ಬ್ಯಾಂಕಿನಲ್ಲಿ ಹಾಗೆಯೇ ಬಿದ್ದಿತ್ತು. ಅದನ್ನು ಮುಟ್ಟಲು ಅಪ್ಪನಿಗೆ ಮನಸ್ಸು ಬರಲಿಲ್ಲವೆಂದು ನನಗೆ ಈಗ ಅನ್ನಿಸುತ್ತದೆ. ಹಾಜರಿ ಕೊರತೆಯ ಪಟ್ಟಿ ಬಿದ್ದ ಮೇಲೆ ಒಂದು ರಾತ್ರಿ ಉಂಡು ಕೈತೊಳೆಯುತ್ತ, ‘ಒಂದು ಗಾಡಿ ತಗೊಂಬಿಡು ಮಗ’ ಎಂದ. ಡೈರಿಗೆ ಹಾಲು ಹಾಕಿ ಅವ್ವ ಕೂಡಿಟ್ಟಿದ್ದ ಹಣವೂ ಅದಕ್ಕೆ ಸೇರಿತು.

ಆಯುಧಪೂಜೆಯ ದಿನ ಗಾಡಿ ಕೈಗೆ ಬಂತು. ಚಕ್ರದ ಕೆಳಗೆ ನಿಂಬೆಹಣ್ಣು, ಕನ್ನಡಿಗೆ ಸೇವಂತಿಗೆ ಹಾರ, ದೀಪದ ಮೇಲೆ ಕುಂಕುಮ. ಅಂಗಡಿಯ ಹುಡುಗ ಬೀಗದ ಕೈ ಕೊಡುತ್ತ, ‘ಮೊದಲ 500 ಕಿಲೋಮೀಟರು 45ರ ಮೇಲೆ ಹೋಗಬೇಡಿ ಸಾರ್, ಆಮೇಲೆ ಆಯಿಲ್ ಬದಲಾಯಿಸಿಕೊಳ್ಳಿ’ ಎಂದು ಮಂತ್ರ ಹೇಳಿದಂತೆ ಒಂದೇ ಉಸಿರಿಗೆ ಹೇಳಿದ. ಮದುವೆಯಲ್ಲಿ ಪುರೋಹಿತರ ಮಾತಿಗೆ ತಲೆಯಾಡಿಸುವ ವರನ ಹಾಗೆ ನಾನೂ ಅರ್ಥವನ್ನು ವಿಚಾರಿಸದೆ ತಲೆಯಾಡಿಸಿದೆ.

ಮೊದಲ ದಿನದ ಅನುಭವವನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ನನಗೆ ನಿರಾಶೆಯಾಯಿತು. ಗೆಳೆಯರ ಹಳೆಯ ಗಾಡಿಗಳನ್ನು ಓಡಿಸಿ ಅಭ್ಯಾಸವಾಗಿದ್ದ ನನಗೆ ಇದು ಮುಷ್ಕರ ಹೂಡಿದಂತೆ ಕಂಡಿತು. ಕ್ಲಚ್ಚು ಬಿಗಿ; ಗೇರು ಬೀಳುವಾಗ ‘ಟಕ್’ ಎಂದು ಬೈಯುತ್ತಿತ್ತು; ನ್ಯೂಟ್ರಲ್ ಎಂಬುದು ಹುಡುಕಿದಾಗ ಸಿಕ್ಕದೆ, ಬೇಡದಾಗ ತಾನಾಗಿ ಸಿಕ್ಕುತ್ತಿತ್ತು. ಸೈಲೆನ್ಸರಿನಿಂದ ಸುಟ್ಟ ಬಣ್ಣದ ವಾಸನೆ ಬಂದು ಎರಡು ಸಲ ಇಳಿದು ನೋಡಿದೆ. ಹೊಸ ಲೋಹಕ್ಕೆ ಸವರಿದ ಎಣ್ಣೆ, ಬಣ್ಣ ಕಾದಾಗ ಹಾಗೆ ವಾಸನೆ ಬರುವುದು ಸಹಜವಂತೆ. ಬ್ರೇಕು ಒತ್ತಿದರೆ, ನಿಲ್ಲಬೇಕೆಂಬ ಇಚ್ಛೆ ನನ್ನದು ಮಾತ್ರ, ಅದರದಲ್ಲ. ಗುಬ್ಬಿಯಲ್ಲಂತೂ ಬಸ್ ನಿಲ್ದಾಣದ ಮುಂದೆ, ಜನ ತುಂಬಿದ್ದ ಹೊತ್ತಿನಲ್ಲಿ, ನಡುರಸ್ತೆಯಲ್ಲಿ ನಿಂತುಬಿಟ್ಟಿತು. ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ಪ್ರಸಿದ್ಧವಾಗಿತ್ತಲ್ಲ. ಅದೇ ಊರಿನಲ್ಲಿ ನಾನು ಒಂದೇ ಒಂದು ಮೋಟಾರ್ ಸೈಕಲ್ಲಿನಿಂದ, ಟಿಕೆಟ್ಟಿಲ್ಲದೆ, ಐದು ನಿಮಿಷ ಜನರನ್ನು ರಂಜಿಸಿದೆ.

ಮನೆಗೆ ಬಂದ ಮೇಲೆ ಕೈಪಿಡಿಯನ್ನು ಬಿಡಿಸಿದೆ. ಅದು ಇಂಗ್ಲಿಷಿನಲ್ಲಿತ್ತು, ಐಚ್ಛಿಕ ಇತಿಹಾಸದ ವಿದ್ಯಾರ್ಥಿಗೆ ಎರಡು ಪಾಲು ಕಷ್ಟ. ಮಾರನೆಯ ದಿನ ಗುಬ್ಬಿಯಲ್ಲಿ ಪರಿಚಯದ ಒಬ್ಬ ಮೆಕ್ಯಾನಿಕ್ಕನ ಬಳಿ ಹೋಗಿ ಅದರ ತಾತ್ಪರ್ಯವನ್ನು ಕೇಳಿದೆ. ಅವನು ಬಿಚ್ಚಿಟ್ಟಿದ್ದ ಹಳೆಯ ಸಿಲಿಂಡರೊಂದನ್ನು ಬೆಳಕಿಗೆ ಹಿಡಿದು ತೋರಿಸಿದ. ಹೊಸ ಸಿಲಿಂಡರಿನ ಒಳಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಬೇಕೆಂದೇ ಅದರ ಮೇಲೆ ಓರೆಯಾಗಿ, ಒಂದರ ಮೇಲೊಂದು ಹಾಯುವಂತೆ, ಸಣ್ಣ ಗೀರುಗಳನ್ನು ಎಳೆದಿರುತ್ತಾರೆ. ಎಣ್ಣೆ ಆ ಗೀರುಗಳಲ್ಲಿ ನಿಲ್ಲಬೇಕು. ಪಿಸ್ಟನ್ನಿನ ಸುತ್ತಲಿರುವ ಬಳೆಗಳು ಆ ಗೋಡೆಗೆ ಉಜ್ಜಿ ಉಜ್ಜಿ, ಗೀರಿನ ಏಣುಗಳು ಸವೆದು, ಬಳೆಯೂ ಗೋಡೆಯೂ ಒಂದಕ್ಕೊಂದು ಒಗ್ಗಿ ಕೂರಬೇಕು. ಹಾಗೆ ಕೂತರೆ ಒಳಗೆ ಉರಿದ ಅನಿಲ ಕೆಳಗೆ ಸೋರುವುದಿಲ್ಲ, ಕೆಳಗಿನ ಎಣ್ಣೆ ಮೇಲೆ ಬಂದು ಸುಡುವುದಿಲ್ಲ. ಸವೆದ ಲೋಹದ ಪುಡಿಯೆಲ್ಲ ಮೊದಲನೆಯ ಎಣ್ಣೆಗೆ ಬೀಳುವುದರಿಂದಲೇ ಅದನ್ನು ಬೇಗ ಬದಲಾಯಿಸಬೇಕು.

‘ಹಾಗಾದರೆ ಮೆತ್ತಗೆ ಹೋದರೆ ಸರಿಯಲ್ಲವೆ?’ ಎಂದೆ.

‘ಅದೂ ತಪ್ಪೇಯ. ಬರೀ ಮೆತ್ತಗೆ ಹೋದ್ರೆ ರಿಂಗು ಕೂರಾಕಿಲ್ಲ. ಒಂದೇ ವೇಗದಾಗೆ ಓಡಿಸ್ಬ್ಯಾಡ. ಏರ್ಸು, ಇಳ್ಸು. ಟಾಪ್ ಗೇರ್ನಾಗೆ ಏರು ಹತ್ತಿಸಿ ಗೋಳು ಹೊಯ್ಕೋಬ್ಯಾಡ. ನಿಂತ ಜಾಗ್ದಾಗೆ ಸುಮ್ನೆ ಗುರ್ ಅನ್ನಿಸ್ತಾ ಇರಬ್ಯಾಡ’ ಎಂದ.

ಇದನ್ನು ಕೇಳಿದ ಮೇಲೆ ಗಾಡಿಯ ಮೇಲೆ ನನಗೆ ಸ್ವಲ್ಪ ಗೌರವ ಹುಟ್ಟಿತು. ನಾನು ಅದರ ಮೇಲೆ ಕೂತು ಬಯಲನ್ನು ನೋಡುತ್ತಿದ್ದಾಗ, ಒಳಗೆ ಅಷ್ಟೆಲ್ಲ ಕೆಲಸ ನಡೆಯುತ್ತಿತ್ತು!

ನಮ್ಮ ಬಂಧುಗಳೊಬ್ಬರು ಹಿಂದೆ ಮೈಸೂರಿನಲ್ಲಿ ತಯಾರಾದ ಜಾವಾ ಗಾಡಿ ಇಟ್ಟಿದ್ದರು. ಐಡಿಯಲ್ ಜಾವಾ ಕಂಪನಿ 1960ರಲ್ಲಿ ಸ್ಥಾಪನೆಯಾಗಿ, 1996ರಲ್ಲಿ ಮುಚ್ಚುವವರೆಗೂ ಮೈಸೂರಿನ ಹೆಸರನ್ನು ದೇಶದ ರಸ್ತೆಗಳ ಮೇಲೆಲ್ಲ ‘ಡುಗ್ ಡುಗ್’ ಎನ್ನಿಸಿತ್ತು. ಅದು ಎರಡು ಸ್ಟ್ರೋಕಿನ ಇಂಜಿನ್ನು. ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕಬೇಕು. ಹೊಸದರಲ್ಲಿ ಎಣ್ಣೆಯ ಪಾಲು ಕಡಮೆಯಾಗಿ, ಸವಾರನ ಉತ್ಸಾಹ ಹೆಚ್ಚಾಗಿ, ಪಿಸ್ಟನ್ನು ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡರೆ ಚಕ್ರವೇ ನಿಂತುಹೋಗುತ್ತಿತ್ತಂತೆ. ಆ ಕಾಲದಲ್ಲಿ ಹೊಸ ಕಾರು ಕೊಂಡವರು ಹಿಂದುಗಡೆ ‘ಹೊಸ ಗಾಡಿ, ನೀವು ಮುಂದೆ ಹೋಗಿ’ ಎಂಬರ್ಥದ ಹಲಗೆ ತೂಗುಹಾಕುತ್ತಿದ್ದರೆಂದೂ ಅವರು ಹೇಳಿದರು. ಎಂಥ ವಿನಯದ ಕಾಲ! ಈಗ ಗಾಡಿಗಳ ಹಿಂದೆ ಬರೆಸುವ ಮಾತುಗಳನ್ನು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕಲು ಸಂಪಾದಕರು ಒಪ್ಪಲಾರರು.

ಇಷ್ಟು ಜ್ಞಾನ ಸಂಪಾದಿಸಿದವನು ಎಚ್ಚರದಿಂದಿರಬೇಡವೆ? ಆದರೆ ಜ್ಞಾನಕ್ಕೂ ಗೆಳೆಯರಿಗೂ ಎಂದೂ ಹೊಂದಿಕೆಯಾಗದು. ಆ ಭಾನುವಾರ ಮೂವರು ಮಿತ್ರರು ದೇವರಾಯನದುರ್ಗಕ್ಕೆ ಹೊರಟರು. ‘ಬೆಟ್ಟ ಹತ್ತಿಸಿದರೆ ಗಾಡಿಯ ಗುಟ್ಟು ತಿಳಿಯುತ್ತದೆ’ ಎಂದು ಒಬ್ಬ. ‘ಮೊದಲೇ ಜೋರಾಗಿ ಹೊಡೆದರೆ ಜನ್ಮಪೂರ್ತಿ ಜೋರಾಗಿ ಓಡುತ್ತೆ’ ಎಂದು ಇನ್ನೊಬ್ಬ. ಈ ಎರಡನೆಯ ಪಂಥಕ್ಕೂ ಪಂಡಿತರುಂಟು, ನಾನು ತಳ್ಳಿಹಾಕುವುದಿಲ್ಲ. ಆದರೆ ಅವರು ಹೇಳುವುದು ಇಂಜಿನ್ನಿನ ವಿಷಯ. ಟೈರಿನ ವಿಷಯವನ್ನು ಯಾರೂ ನನಗೆ ಹೇಳಿರಲಿಲ್ಲ. ಹೊಸ ಟೈರು ಅಚ್ಚಿನಿಂದ ಸುಲಭವಾಗಿ ಬಿಟ್ಟುಬರಲೆಂದು ಸವರಿದ ದ್ರವ್ಯದ ಅಂಶ ಅದರ ಮೇಲೆ ಉಳಿದು, ನುಣುಪಾಗಿರುತ್ತದೆ. ನೇರ ಹೋಗುವಾಗ ನಡುಭಾಗ ಬೇಗ ಸವೆದು ನೆಲ ಹಿಡಿಯುತ್ತದೆ. ತಿರುವಿನಲ್ಲಿ ಮಾತ್ರ ನೆಲಕ್ಕೆ ತಾಗುವ ಪಕ್ಕದ ಭಾಗ ಹಾಗೆಯೇ ಹೊಸದಾಗಿ ಉಳಿದಿರುತ್ತದೆ.

ನಾಮದ ಚಿಲುಮೆಯನ್ನು ದಾಟಿ ಕಾಡಿನೊಳಗೆ ಏರುವ ಆ ರಸ್ತೆ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿದೆ. ತುಮಕೂರಿನಿಂದ ಸುಮಾರು 15 ಕಿಲೋಮೀಟರು. ಬೆಟ್ಟದ ನೆತ್ತಿ ಸುಮಾರು 3,900 ಅಡಿ. ಮಳೆಗಾಲ ಮುಗಿದ ಹೊಸದು, ಗುಡ್ಡವೆಲ್ಲ ಹಸಿರು. ಗಾಡಿ ಎರಡನೆಯ ಗೇರಿನಲ್ಲಿ ಹುರುಪಾಗಿ ಏರುತ್ತಿತ್ತು. ಆ ದನಿ ಹೊಸದಾಗಿತ್ತು, ಮುನಿಸು ಬಿಟ್ಟು ಮಾತಾಡಿದ ಹಾಗಿತ್ತು. ನನಗೆ ಸಂತೋಷ ತಡೆಯಲಿಲ್ಲ. ಒಂದು ಎಡ ತಿರುವಿನಲ್ಲಿ, ಮಳೆ ನೀರು ತಂದು ಹಾಸಿದ್ದ ಮರಳಿನ ಮೇಲೆ, ಕಿವಿ ಹಿಂಡಿದೆ. ಹಿಂದಿನ ಚಕ್ರ ಬೀಸಣಿಗೆಯಂತೆ ಬದಿಗೆ ತಿರುಗಿತು. ಆಮೇಲೆ ನಾನು ನೋಡಿದ್ದು ಆಕಾಶವನ್ನು. ಅದರ ಅಂಚಿನಲ್ಲಿ ಕೊಂಬೆಯ ಮೇಲೆ ಕೂತು ಬಹಳ ಗಂಭೀರವಾಗಿ ನನ್ನನ್ನು ಪರಿಶೀಲಿಸುತ್ತಿದ್ದ ಒಂದು ಕೋತಿಯನ್ನು.

ಮಾಪಕ 118 ಕಿಲೋಮೀಟರು ತೋರಿಸುತ್ತಿತ್ತು. ಕ್ಲಚ್ಚಿನ ಹಿಡಿ ಬಾಗಿತ್ತು. ಟ್ಯಾಂಕಿನ ಎಡ ಮಗ್ಗುಲಲ್ಲಿ ಒಂದು ಗೇಣುದ್ದ ಬಣ್ಣ ಕಿತ್ತು ಬಂದಿತ್ತು. ನನ್ನ ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು. ನನ್ನ ಕಣ್ಣು ಮಾತ್ರ ಆ ಗೀರಿನ ಮೇಲೇ ಇತ್ತು. ಆ ಗೀರಿನಲ್ಲಿ ನನಗೆ ಕಂಡದ್ದು ಬಣ್ಣವಲ್ಲ, ಎರಡು ಎತ್ತು. ಗೆಳೆಯರು ಪಾಪ, ಹಿಡಿಯನ್ನು ನೆಟ್ಟಗೆ ಮಾಡಿಕೊಟ್ಟರು, ಗಾಯಕ್ಕೆ ಪಟ್ಟಿ ಕಟ್ಟಿಸಿದರು, ಸೋಡಾ ಕುಡಿಸಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಕತ್ತಲಾದ ಮೇಲೆ ಊರು ಸೇರಿ, ಗಾಡಿಯನ್ನು ಕೊಟ್ಟಿಗೆಯಲ್ಲಿ ಎಡಮಗ್ಗುಲು ಗೋಡೆಯ ಕಡೆ ಬರುವಂತೆ ನಿಲ್ಲಿಸಿದೆ. ಎತ್ತುಗಳನ್ನು ಕಟ್ಟುತ್ತಿದ್ದ ಜಾಗವೇ ಅದು. ಬೇರೆ ನೆರಳಿನ ಜಾಗ ನಮ್ಮಲ್ಲಿಲ್ಲ. ಸೋಮವಾರ, ಮಂಗಳವಾರ ಎರಡು ದಿನವೂ ‘ಪೆಟ್ರೋಲು ದುಬಾರಿ’ ಎಂದು ಹೇಳಿ ಬಸ್ಸಿನಲ್ಲಿಯೇ ಹೋದೆ. ಎರಡು ದಿನವೂ ಮೊದಲನೆಯ ಪೀರಿಯಡ್ಡು ತಪ್ಪಿತು. ಪ್ಯಾಂಟಿನ ಒಳಗೆ ಮೊಣಕಾಲು ಉರಿಯುತ್ತಿತ್ತು.

ಮಂಗಳವಾರ ಸಂಜೆ ಬಂದು ನೋಡುತ್ತೇನೆ, ಅಪ್ಪ ಗಾಡಿಯನ್ನು ಅಂಗಳಕ್ಕೆ ತಂದು ತೊಳೆಯುತ್ತಿದ್ದಾನೆ. ಎತ್ತಿನ ಮೈ ತೊಳೆಯುತ್ತಿದ್ದ ಅದೇ ಹುಲ್ಲಿನ ಉಂಡೆ, ಅದೇ ಕ್ರಮ: ಮೊದಲು ಬೆನ್ನು, ಆಮೇಲೆ ಪಕ್ಕೆ, ಕೊನೆಗೆ ಕಾಲು. ಹುಲ್ಲು ಉಜ್ಜಿದರೆ ಬಣ್ಣ ಹೋಗುತ್ತದೆಂದು ಹೇಳಲು ಬಾಯಿ ತೆರೆದವನು, ಬಣ್ಣದ ಮಾತೆತ್ತುವ ಯೋಗ್ಯತೆ ನನಗಿಲ್ಲವೆಂದು ಬಾಯಿ ಮುಚ್ಚಿಕೊಂಡೆ. ಅವನ ಕೈ ಎಡ ಮಗ್ಗುಲಿಗೆ ಬಂದು ನಿಂತಿತು. ಗೀರಿನ ಮೇಲೆ ಬೆರಳಾಡಿಸಿ, ತಲೆಯೆತ್ತದೆ ಕೇಳಿದ:

‘ನಿಂಗೆಲ್ಲಿ ತಗುಲ್ತು?’

ಪ್ಯಾಂಟು ಮಡಿಸಿ ತೋರಿಸಿದೆ. ಬಗ್ಗಿ ನೋಡಿದ; ಒಳಕ್ಕೆ ಹೋಗಿ ಅವ್ವನನ್ನು ಕರೆದು, ಬಿಸಿನೀರು ಕಾಯಿಸಲು ಹೇಳಿ ಬಂದ. ಹುಲ್ಲಿನ ಉಂಡೆಯನ್ನು ಬಕೇಟಿನಲ್ಲಿ ಅದ್ದುತ್ತ, ‘ಮೂಗುದಾರ ಹಾಕಿದ ಮಾರ್ನೇ ದಿನ್ವೇ ಹೋರೀನ ತೆಂಗಿನಕಾಯಿ ಗಾಡಿಗೆ ಕಟ್ಟಿ ಏರಿ ಹತ್ತಿಸ್ತಾರೇನ್ಲಾ? ಗೊರಸಿಗೆ ನೆಲ ಗೊತ್ತಾಗ್ಬೇಕು’ ಎಂದ. ಅಷ್ಟೇ. ಟೈರಿನ ವಿಷಯವನ್ನು ಯಾರೂ ನನಗೆ ಹೇಳಿರಲಿಲ್ಲವೆಂದು ಮೇಲೆ ಬರೆದೆನಲ್ಲ. ಮನೆಯಲ್ಲೇ ಒಬ್ಬರಿದ್ದರು, ನಾನು ಕೇಳಿರಲಿಲ್ಲ.

ಆ ರಾತ್ರಿ ಅವನು ಹೋರಿ ಪಳಗಿಸುವ ಬಗೆಯನ್ನೆಲ್ಲ ಹೇಳಿದ. ಮೊದಲು ಬರಿಯ ಹಗ್ಗದಲ್ಲಿ ಓಡಾಡಿಸಬೇಕು. ಆಮೇಲೆ ಹೆಗಲಿಗೆ ಬರಿಯ ನೊಗ. ಆಮೇಲೆ ಒಂದು ಮರದ ತುಂಡನ್ನು ಕಟ್ಟಿ ಹೊಲದಲ್ಲಿ ಎಳೆಸಬೇಕು. ಹಗುರಾದ ಗಾಡಿ ಅದಾದ ಮೇಲೆ. ಒಂಟಿಯಾಗಿ ಕಲಿಸಬಾರದು; ನುರಿತ ಎತ್ತಿನ ಜೊತೆ ಹೂಡಬೇಕು. ದಣಿಯುವ ಮುಂಚೆ ಬಿಡಬೇಕು. ಮೊದಲ ದಿನ ಹೆದರಿದ ಹೋರಿ ಆಯುಸ್ಸು ಪೂರ್ತಿ ಆ ಜಾಗದಲ್ಲಿ ಹೆದರುತ್ತದೆ. ಕೈಪಿಡಿಯ ನಾಲ್ಕು ಪುಟಗಳಲ್ಲಿ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ. ಇದರಷ್ಟು ಚೆನ್ನಾಗಿಯೂ ಇರಲಿಲ್ಲ.

ಬುಧವಾರದಿಂದ ಶನಿವಾರದವರೆಗೆ ನಾಲ್ಕು ದಿನ, ದಿನಕ್ಕೆ 64 ಕಿಲೋಮೀಟರು, 45ರ ಮಿತಿಯಲ್ಲಿ ಓಡಾಡಿದೆ. ಬಿ.ಎಚ್. ರಸ್ತೆಯಲ್ಲಿ 45ರಲ್ಲಿ ಹೋಗುವವನಿಗೆ ಮಾನಾಪಮಾನಗಳನ್ನು ಬಿಟ್ಟ ಸನ್ಯಾಸಿಯ ಮನಸ್ಸು ಬೇಕು. ಲಾರಿಗಳು ಮುಂದೆ ಹೋದವು. ಬಸ್ಸುಗಳು ಬೈದು ಮುಂದೆ ಹೋದವು. ಎರಡು ಕಡೆಯೂ ಎಳನೀರ ಗೊನೆ ಕಟ್ಟಿಕೊಂಡ ಒಂದು ಮೊಪೆಡ್ಡು ನನ್ನನ್ನು ಹಿಂದೆ ಹಾಕಿ, ಅದರ ಮೇಲಿದ್ದ ಅಜ್ಜ ತಿರುಗಿ ನೋಡಿ ನಕ್ಕ. ಆದರೆ ಮೊದಲನೆಯ ಪೀರಿಯಡ್ಡಿಗೆ ನಾಲ್ಕು ದಿನವೂ ನಾನು ಹಾಜರು. ಇತಿಹಾಸದ ಅಧ್ಯಾಪಕರು ನನ್ನ ಹೆಸರು ಕೂಗಿ, ಅಭ್ಯಾಸಬಲದಿಂದ ಸೊನ್ನೆ ಹಾಕಿ, ಆಮೇಲೆ ತಲೆಯೆತ್ತಿ ನೋಡಿ ತಿದ್ದಿಕೊಂಡರು. ಗಾಡಿಯೂ ದಿನದಿನಕ್ಕೆ ಬದಲಾಯಿತು. ಗುರುವಾರ ಗೇರು ಬೈಯುವುದನ್ನು ಬಿಟ್ಟಿತು. ಶುಕ್ರವಾರ ಬ್ರೇಕು ಮಾತು ಕೇಳಿತು. ಸರಪಳಿ ಸಡಿಲವಾಗಿತ್ತು, ಬಿಗಿ ಮಾಡಿಸಿದೆ. ಶನಿವಾರ ಸಂಜೆ ಗುಬ್ಬಿಯಲ್ಲಿ ನ್ಯೂಟ್ರಲ್ ಒಂದೇ ಸಲಕ್ಕೆ ಸಿಕ್ಕಿದಾಗ, ಅದೇ ಬಸ್ ನಿಲ್ದಾಣದ ಮುಂದೆ, ನನ್ನ ಈ ವಿಜಯವನ್ನು ನೋಡಲು ಒಬ್ಬ ಪ್ರೇಕ್ಷಕನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಒಗೆದ ಪಂಚೆ ಉಟ್ಟು ಬಂದು, ‘ಕುಣಿಗಲ್ಲಿಗೆ ಹೋಗ್ಬರಾನಾ?’ ಎಂದ. ಏಕೆಂದು ನಾನು ಕೇಳಲಿಲ್ಲ. ಮಾಪಕದಲ್ಲಿ 421 ಇತ್ತು. ಅವನು ಹಿಂದೆ ಕೂತು ನನ್ನ ಭುಜದ ಮೇಲೆ ಕೈಯಿಟ್ಟ. ಅಷ್ಟು ದಿನ ಹಗುರವಾಗಿ ಓಡುತ್ತಿದ್ದ ಗಾಡಿ ಇಬ್ಬರ ಭಾರಕ್ಕೆ ಒಮ್ಮೆ ಕುಗ್ಗಿ, ಆಮೇಲೆ ಸಮಾಧಾನದಿಂದ ಎಳೆಯತೊಡಗಿತು. ಸಿ.ಎಸ್. ಪುರದ ಮೇಲೆ ಹಾದುಹೋಗುವವರೆಗೂ ಅವನು ಮಾತಾಡಲಿಲ್ಲ. ಏರು ಬಂದಾಗ ಮಾತ್ರ ನನ್ನ ಭುಜವನ್ನು ಮೆಲ್ಲಗೆ ಒತ್ತುತ್ತಿದ್ದ, ಗೇರು ಇಳಿಸು ಎಂಬಂತೆ. ಗೇರಿನ ವಿಷಯ ಅವನಿಗೆ ಗೊತ್ತಿರಲಿಲ್ಲ, ಏರಿನ ವಿಷಯ ಗೊತ್ತಿತ್ತು.

ಹಾಡಿನಿಂದ ನಾಡಿಗೆಲ್ಲ ಗೊತ್ತಾದ ಆ ದೊಡ್ಡ ಕೆರೆಯನ್ನು ನೋಡಿದೆವು. ಪೇಟೆಯಲ್ಲಿ ಟೀ ಕುಡಿಯಲು ನಿಂತಾಗ, ಹಿಂದೆ ಕುದುರೆ ಫಾರಮ್ಮಿನ ಲಾಯದಲ್ಲಿ ಕೆಲಸ ಮಾಡಿದ್ದ ಒಬ್ಬ ವೃದ್ಧರು ಮಾತಿಗೆ ಸಿಕ್ಕಿದರು. ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿನ ಕುದುರೆಗಳನ್ನು ಸಾಕಿದ ಜಾಗ ಅದು. ಆಮೇಲೆ ಪಂದ್ಯದ ಕುದುರೆಗಳನ್ನು ಬೆಳೆಸಿ ಹೆಸರಾಯಿತು. ನನ್ನ ಹೊಸ ಗಾಡಿಯ ಗೀರನ್ನು ನೋಡಿ ಅವರೇ ಮಾತು ತೆಗೆದರು. ಮರಿಗುದುರೆಯ ಬಾಯಿಗೆ ಮೊದಲು ಕಡಿವಾಣದ ಅಭ್ಯಾಸ, ಕೆಲವು ದಿನ ಉದ್ದನೆಯ ಹಗ್ಗದಲ್ಲಿ ಸುತ್ತು ಹಾಕಿಸುವುದು, ಹೊಟ್ಟೆಗೆ ಬರಿಯ ಪಟ್ಟಿ, ಆಮೇಲೆ ಜೀನು. ಸವಾರ ಕೂಡಲೇ ಕೂರುವಂತಿಲ್ಲ. ಮೊದಲು ಅದರ ಬೆನ್ನಿನ ಮೇಲೆ ಅಡ್ಡಲಾಗಿ, ಅಕ್ಕಿಮೂಟೆಯ ಹಾಗೆ, ಹೊಟ್ಟೆಯ ಮೇಲೆ ಮಲಗಿ ಅದಕ್ಕೆ ಭಾರದ ಪರಿಚಯ ಮಾಡಿಸಬೇಕಂತೆ. ಅಪ್ಪ ಕೊನೆಯವರೆಗೂ ಕಿವಿಗೊಟ್ಟು ಕೇಳಿ, ‘ನಮ್ಮ ಹೋರಿಗೂ ಅಂಗೇಯ ಸ್ವಾಮಿ, ಜೀನೊಂದಿಲ್ಲ’ ಎಂದ. ಟೀ ದುಡ್ಡನ್ನು ಆ ವೃದ್ಧರು ನಮಗೆ ಕೊಡಗೊಡಲಿಲ್ಲ.

ಎತ್ತು ಕೊಂಡಿದ್ದ ರೈತರ ಮನೆ ಕೆರೆಯ ಆಚೆಗಿತ್ತು. ಅವರು ಅಪ್ಪನನ್ನು ನೋಡಿ ಎದ್ದು ಬಂದರು. ಮುಖದಲ್ಲಿ ಸ್ವಲ್ಪ ಸಂಕೋಚವಿತ್ತು. ಚಿಕ್ಕೋನನ್ನು ಬೇಸಿಗೆಯಲ್ಲೇ ಮದ್ದೂರು ಕಡೆಯವರಿಗೆ ಕೊಟ್ಟುಬಿಟ್ಟಿದ್ದರಂತೆ. ‘ಮಗಳ ಮದುವೆ ಬಂತು ಗೌಡ್ರೆ, ಏನ್ ಮಾಡಾನ’ ಎಂದರು. ಅಪ್ಪ ‘ಆಯ್ತು ಬುಡಿ, ಮದುವೆ ಚೆನ್ನಾಗಾಯ್ತಾ?’ ಎಂದು ಕೇಳಿದ. ಜೊತೆ ಒಡೆಯಬಾರದೆಂದು ಜಾತ್ರೆಯಲ್ಲಿ ಅವನು ಎರಡು ಸಲ ಹೇಳಿದ್ದನ್ನು ನಾನೇ ಕೇಳಿದ್ದೆ.

ದೊಡ್ಡೋನು ಹೊಲದಲ್ಲಿದ್ದ. ಅವನ ಪಕ್ಕದಲ್ಲಿ ಒಂದು ಎಳೆಯ ಹೋರಿ; ಮೈಯೆಲ್ಲ ನಡುಕ, ಕಣ್ಣೆಲ್ಲ ಬಿಳುಪು. ಇಬ್ಬರ ಹಿಂದೆ ಒಂದು ಮರದ ತುಂಡು. ಹೋರಿ ಮುಂದಕ್ಕೆ ನೆಗೆದರೆ ದೊಡ್ಡೋನು ನಿಂತುಬಿಡುತ್ತಿದ್ದ. ಹೋರಿ ಮುನಿದು ನಿಂತರೆ ಅವನು ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದ. ಹೊಡೆಯುವವನ ಕೈಯಲ್ಲಿ ಬಾರುಕೋಲಿತ್ತು. ಅದನ್ನು ಎತ್ತುವ ಕೆಲಸವೇ ಬೀಳಲಿಲ್ಲ. ನಾವು ಬದುವಿನ ಮೇಲೆ ನಿಂತು ನಾಲ್ಕು ಸುತ್ತು ನೋಡಿದೆವು. ಐದನೆಯ ಸುತ್ತಿಗೆ ದೊಡ್ಡೋನು ನಮ್ಮ ಬಳಿ ಬಂದು ತಾನಾಗಿ ನಿಂತ. ಅಪ್ಪನ ಕೈಯನ್ನು ಮೂಸಿದ. ಆಮೇಲೆ ನನ್ನ ಪ್ಯಾಂಟಿನ ಪೆಟ್ರೋಲು ವಾಸನೆಯನ್ನು ಮೂಸಿ, ಮೂಗನ್ನು ಒಂದು ಸಲ ಬಲವಾಗಿ ಸೀನಿ ಒರೆಸಿಕೊಂಡ.

ಅಪ್ಪ ಪಂಚೆಯ ಗಂಟಿನಿಂದ ಕಾಗದದ ಪೊಟ್ಟಣ ತೆಗೆದ. ಎರಡು ಉಂಡೆ ಬೆಲ್ಲ. ಒಂದನ್ನು ದೊಡ್ಡೋನಿಗೆ ತಿನ್ನಿಸಿದ. ಇನ್ನೊಂದನ್ನು ಅಂಗೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಆ ಹೋರಿಯ ಮುಂದೆ ಹಿಡಿದ. ಅದು ಹಿಂಜರಿಯಿತು. ಅವನು ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ತಿಂದಿತು.

ಹಿಂದಿರುಗುವಾಗ ಹೊತ್ತು ಇಳಿದಿತ್ತು. ತೆಂಗಿನ ತೋಟಗಳ ನಡುವೆ, ಅದೇ 45ರಲ್ಲಿ, ಒಂದು ಸಲ ಏರಿಸಿ ಒಂದು ಸಲ ಇಳಿಸಿ ಬಂದೆವು. ಊರಿಗೆ ಒಂದು ಕಿಲೋಮೀಟರು ಇದೆ ಎನ್ನುವಾಗ ಮಾಪಕದ ಅಂಕಿ ಹೊರಳಿ 500 ಬಂತು. ಗಾಡಿಯನ್ನು ನಿಧಾನ ಮಾಡಿ ಅಪ್ಪನಿಗೆ ಹೇಳಿದೆ.

‘ಅಂಗಾರೆ ಇನ್ನ ಜೋರಾಗಿ ಹೋಗ್ಬೌದಾ?’ ಎಂದ.

‘ಎಣ್ಣೆ ಬದಲಾಯಿಸಿದ ಮೇಲೆ ಇನ್ನೂ ಸ್ವಲ್ಪ ಏರಿಸಬಹುದು. ಈಗಲೇ ಬೇಕಾದರೂ ಒಂದು ಚೂರು ನೋಡಬಹುದು’ ಎಂದೆ.

‘ಬ್ಯಾಡ ಬುಡು. ಮನೆ ಬಂತಲ್ಲ’ ಎಂದ.